ಸುಳಿ

ಹಾಳೆಯ ಮೇಲೆ ಅಚ್ಚಾದ ಕುದುರೆ ಖಾಲಿ.
ಎಡಮಗ್ಗುಲು, ಬಲಮಗ್ಗುಲು, ಎದುರು ಮುಖ,
ಮೈಯಿಲ್ಲದೆ ನಿಂತ ನಾಲ್ಕು ಕಾಲು.
ಬಿಳಿ ಇದ್ದಲ್ಲಿ ಕೆಂಪು ಪೆನ್ನು,
ಸುಳಿ ಇದ್ದಲ್ಲಿ ಕಪ್ಪು ಪೆನ್ನಿನ ಇಂಟು ಮಾರ್ಕು.
"ಒಂದು ಸುಳಿ ಬಿಟ್ಟರೂ
ಅದು ಆ ಕುದುರೆಯಲ್ಲ, ಶಿವಗಂಗಾ,"
ಅಂದಿದ್ದರು ಮೇಡಂ ಮೊದಲ ದಿನವೇ.

ನಮ್ಮಜ್ಜಿ ಸಿದ್ದಗಂಗಮ್ಮನಿಗೆ
ಸುಳಿಯೆಂದರೆ ಗುರುತಲ್ಲ, ತೀರ್ಪು.
ಬಾಳೆ ಸುಳಿ ಬಿಟ್ಟರೆ ಗೊನೆ,
ಕೆರೆಯ ಸುಳಿಗೆ ಸಿಕ್ಕರೆ ಹೆಣ.
ನನ್ನ ನೆತ್ತಿಯಲ್ಲಿ ಎರಡು.
ಎಣ್ಣೆ ತಟ್ಟುವಾಗ ಬೆರಳು ಅಲ್ಲೇ ತಡೆದು
"ಎಲ್ಡು ಮದ್ವೆ ಕಣೇ ನಿಂಗೆ" ಅನ್ನುವಳು.

ಒಂದಕ್ಕೇ ಗತಿಯಿರಲಿಲ್ಲ.
ಹೋದ ವೈಶಾಖದಲ್ಲಿ ಗಂಡಿನ ಕಡೆಯವರು
ಉಪ್ಪಿಟ್ಟು ತಿಂದು ಕೇಳಿದರು,
ಹುಡುಗಿ ಏನು ಓದ್ತಿದಾಳೆ?
"ಕುದುರೆ" ಎಂದ ಅಪ್ಪ.
ಸ್ಟೀಲು ಲೋಟ ನೆಲಕ್ಕೆ ತಾಗಿದ ಸದ್ದು
ಈಗಲೂ ಕೇಳಿಸುತ್ತದೆ ಒಮ್ಮೊಮ್ಮೆ,
ನಗು ಬರುತ್ತದೆ.

ಕುಣಿಗಲ್ಲಿನಲ್ಲಿ ನನ್ನ ಕೋಣೆ
ಮೇವಿನ ಗೋದಾಮಿನ ಮಹಡಿ ಮೇಲೆ.
ಓಟ್ಸು, ಹೊಟ್ಟು, ಒಣಗಿದ ಕುದುರೆಮೆಂತೆ,
ದಿಂಬಿಗೂ ಅದೇ ವಾಸನೆ.
ಓದಿದೆ: ಕುದುರೆಗೆ ಪಿತ್ತಕೋಶವಿಲ್ಲ.
ಓದಿದೆ: ಕುದುರೆ ವಾಂತಿ ಮಾಡಲಾರದು,
ನುಂಗಿದ್ದನ್ನು ನುಂಗಿಯೇ ತೀರಬೇಕು.
ಎರಡು ಸಲ ಅಡಿಗೆರೆ ಎಳೆದೆ,
ಪರೀಕ್ಷೆಗೆ ಬರುತ್ತದೆಂದಲ್ಲ.

ಗೊರಸಿನಡಿಯ ಮೆತ್ತನೆ ಮುಕ್ಕೋನಕ್ಕೆ
ಪುಸ್ತಕದಲ್ಲಿ ಫ್ರಾಗ್.
ನೋಟ್ಸಿನಲ್ಲಿ ಕಪ್ಪೆ ಎಂದೇ ಬರೆದುಕೊಂಡೆ.
ಪ್ಯಾರೇಜಾನ್ ಸಾಬರು ಪುತಲಿ ಅನ್ನುತ್ತಾರೆ.
ಕಾಲೆತ್ತಿ, ಮಣ್ಣು ಕೆತ್ತಿ, ಹೆಬ್ಬೆರಳಲ್ಲಿ ಒತ್ತಿ,
ಮೂಗಿನ ಹತ್ತಿರ ತರುತ್ತಾರೆ.
"ನಾತ ಬಂತಾ? ಬಂದ್ರೆ ನಿನ್ ತಪ್ಪು,
ಅದರದ್ದಲ್ಲ."
ನಲವತ್ತೊಂದು ವರ್ಷದ ಸೈಸ,
ಸಹಿ ಹಾಕುವಾಗ ಮಾತ್ರ ಕೈ ನಡುಗುತ್ತದೆ.

ನಾಳೆ ಒಂಬತ್ತಕ್ಕೆ ವೈವಾ. ಇವತ್ತೇ
ಲೆಟ್ಟರಮ್ಮನ ಕೆಚ್ಚಲ ತುದಿಯಲ್ಲಿ ಮೇಣ ಕಟ್ಟಿತು.
(ಕಾಗದದಲ್ಲಿ ಅವಳ ಹೆಸರು ಮಂಡೇ ಲೆಟರ್.
ಲಾಯದಲ್ಲಿ ಹಾಗೆ ಕರೆದರೆ
ಅವಳು ಕಿವಿಯನ್ನೂ ತಿರುಗಿಸುವುದಿಲ್ಲ.)
ಜನವರಿ ಚಳಿ. ದೊಡ್ಡಕೆರೆ ಕಡೆಯಿಂದ ಗಾಳಿ.
ಹೆದ್ದಾರಿಯಲ್ಲಿ ಲಾರಿಗಳು ಮಂಗಳೂರಿಗೆ ಇಳಿಯುತ್ತಿವೆ.
"ನೋಡ್ತಾ ಕೂತ್ರೆ ಹಡೆಯಲ್ಲ,
ಮಾನವಂತೆ. ನೀನು ಓದ್ಕೋ."
ಮೊಬೈಲಿನ ಬೆಳಕನ್ನು ಅಂಗೈಯಲ್ಲಿ ಮುಚ್ಚಿ
ನಾಡಿ ನಿಮಿಷಕ್ಕೆ ಎಷ್ಟು ಎಂದು ಬಾಯಿಪಾಠ ಮಾಡುತ್ತಿದ್ದೆ.
ಪುಟ ತಿರುಗಿಸಿದ ಅಷ್ಟರಲ್ಲೇ
ಹುಲ್ಲಿನ ಮೇಲೆ ನೀರು ಸುರಿದ ಸದ್ದು.

ಮೊದಲು ಒಂದು ಗೊರಸು,
ಅದರ ಹಿಂದೆ ತುಸು ತಡವಾಗಿ ಇನ್ನೊಂದು,
ಮೊಣಕಾಲ ಮೇಲೆ ಮಲಗಿಸಿಟ್ಟಂತೆ ಮೂತಿ.
ಪುಸ್ತಕದಲ್ಲಿದ್ದಂತೆಯೇ. ಆದರೆ ಪುಸ್ತಕಕ್ಕೆ
ಹಬೆಯಿರಲಿಲ್ಲ.
ಮೂರು ನಲವತ್ತು. ಹೆಣ್ಣು.
ಎದ್ದಳು, ಬಿದ್ದಳು, ಗೋಡೆಗೆ ಒರಗಿದಳು, ಬಿದ್ದಳು,
ಐವತ್ತೆರಡನೇ ನಿಮಿಷಕ್ಕೆ
ನಾಲ್ಕೂ ಕಾಲು ನಾಲ್ಕು ಊರಿಗೆ ಹೊರಟವರ ಹಾಗೆ ನಿಂತಳು.
ಸಾಬರು ಗೋಣಿಚೀಲದಲ್ಲಿ ಮೈ ಒರೆಸುತ್ತಾ
ಮುಖಕ್ಕೆ ಬಂದು ನಿಂತುಬಿಟ್ಟರು.

ಎಡಗಣ್ಣಿನ ಕೆಳಗೆ, ಚಿಕ್ಕ ಸುಳಿ.
"ಆಂಸೂ ಢಾಲ್," ಅಂದರು. ಕಣ್ಣೀರು ಸುಳಿ.
"ನಮ್ಮಪ್ಪನ ಕಾಲದಲ್ಲಿ ಇಂಥದ್ದನ್ನ
ಜಟಕಾದವರೂ ಕೊಳ್ತಿರಲಿಲ್ಲ."
ಹೆಬ್ಬೆರಳು ಒದ್ದೆ ಮಾಡಿ ಆ ಕೂದಲನ್ನು
ಕೆಳಮುಖವಾಗಿ ತೀಡಿದರು.
ಅದು ಮತ್ತೆ ಸುತ್ತಿಕೊಂಡಿತು.
"ಬರೀಲೇಬೇಕಾ ಬೇಟಿ?"

ಹಾಳೆ ಮೊಣಕಾಲ ಮೇಲಿತ್ತು.
ಬರೆಯದಿದ್ದರೆ ಇವಳು ಇವಳಲ್ಲ ಚಾಚಾ,
ಅಂದೆ. ಮೇಡಂ ಮಾತು ಅದು,
ನನ್ನ ಬಾಯಲ್ಲಿ ಯಾಕೋ ಬೇರೆಯಾಗಿ ಕೇಳಿಸಿತು.
ಕಪ್ಪು ಪೆನ್ನು ಚಳಿಗೆ ಬರೆಯಲಿಲ್ಲ.
ಸಾಬರು ಕೈಚಾಚಿ ಅದನ್ನು ತೆಗೆದುಕೊಂಡು
ಎರಡೂ ಅಂಗೈ ನಡುವೆ ಉಜ್ಜಿ ಉಜ್ಜಿ
ಬಿಸಿ ಮಾಡಿ ಕೊಟ್ಟರು.

ಎಂಟೂವರೆಗೆ ತಲೆಗೆ ನೀರು ಹಾಕಿಕೊಳ್ಳುವಾಗ
ಬೆರಳು ತಾನಾಗಿ ನೆತ್ತಿಗೆ ಹೋಯಿತು.
ಎರಡೂ ಇದ್ದವು.
ಒಂದರಲ್ಲಿ ಹುಲ್ಲು.