ಕೊಬ್ಬು

ಮಂಡ್ಯದ ಆಸ್ಪತ್ರೆ ಸಭಾಂಗಣ, ಊಟಕ್ಕೆ ಮುಂಚಿನ ಗೋಷ್ಠಿ.
ತೆರೆಯ ತುಂಬ ಒಂದು ಲಿವರು,
ಇರಬೇಕಾದ್ದಕ್ಕಿಂತ ಬೆಳ್ಳಗೆ.
"ರೋಗಿ ನಲವತ್ತೊಂದು. ಹೆಣ್ಣು. ಮದ್ಯಪಾನವಿಲ್ಲ.
ಕೊಬ್ಬು, ಎರಡನೇ ಹಂತ."
ಲೇಸರಿನ ಕೆಂಪು ಚುಕ್ಕಿ ಅದರ ಮೇಲೆ
ಬೆಲ್ಲದಚ್ಚು ಕಂಡ ಕೆಂಜಿರುವೆಯಂತೆ ಓಡಾಡಿತು.

ಹಿಂದಿನ ಸಾಲಿನಲ್ಲಿ ನಾನು, ಸ್ಕ್ಯಾನಿಂಗ್ ರೂಮಿನವಳು.
ಆ ಚಿತ್ರ ತೆಗೆದದ್ದು ಈ ಕೈ.
ಹೆಸರು ಗೊತ್ತು, ಹೇಳುವ ಹಾಗಿಲ್ಲ;
ಕೀಲಾರದ ಕಡೆಯವಳು ಅಂದುಕೊಳ್ಳಿ,
ಗಾರ್ಮೆಂಟ್ಸಿಗೆ ಅರ್ಧ ದಿನ ರಜೆ ಹಾಕಿ ಬಂದಿದ್ದಳು.

"ಕುಡಿಯೋನು ಅವ್ನು ಕಣವ್ವ, ಕೆಟ್ಟಿದ್ದು ನಂದಾ?" ಅಂದಳು.
ಆಮೇಲೆ, ಜೆಲ್ಲಿನ ತಂಪಿಗೆ ಹೊಟ್ಟೆ ಎಳೆದುಕೊಂಡು,
"ನಂಗೆ ಕೊಬ್ಬು ಅಂತ ಇಪ್ಪತ್ತೊರ್ಸದಿಂದ
ನಮ್ಮತ್ತೆ ಬಾಯ್ಬಾಯ್ ಬಡ್ಕತಾವ್ಳೆ.
ಮಿಸೀನಿಲ್ದೆ ಕಂಡಿದ್ಲು ನೋಡು, ಮುದ್ಕಿ!"

ವೇದಿಕೆಯಲ್ಲೀಗ ಸೊಂಟದ ಸುತ್ತಳತೆ, ಕಿಣ್ವದ ಅಂಕಿ,
ಹೊಸ ಮಾತ್ರೆಯ ಬೆಲೆ.
ಬೆಲೆ ಕೇಳಿ ಯಾರೋ ಕೆಮ್ಮಿದರು.
ಹಳೇ ಚಿತ್ರಕ್ಕೆ ಮರಳಿದ ಡಾಕ್ಟರು,
"ಅಂಚು ಕೊಂಚ ಅಲುಗಿದೆ, ಮನ್ನಿಸಿ,
ತಂತ್ರಜ್ಞರ ತಪ್ಪು" ಎಂದರು.

ತಪ್ಪಲ್ಲ.
ಉಸಿರು ಹಿಡಿ ಎಂದಿದ್ದೆ, ಹಿಡಿದಿದ್ದಳು.
ನಗು ಹಿಡಿಯಲು ಆಗಲಿಲ್ಲ,
ನಮ್ಮಿಬ್ಬರಿಗೂ.