ಎಡದ ಮಡ್‌ಗಾರ್ಡು

ಟಾಪಿಲ್ಲದ ಕಾರಿಗೆ ನಮ್ಮ ಕಡೆ ಸ್ಪೈಡರ್ ಅನ್ನುತ್ತಾರೆ, ಜೇಡ.
ಬಲೆಯಿಲ್ಲ, ಎಂಟು ಕಾಲಿಲ್ಲ. ಆದರೂ
ಅದು ಬಂದು ನಿಂತ ಗಳಿಗೆ
ಪಂಪಿನ ಸುತ್ತ ಇದ್ದ ನಾವಷ್ಟೂ ನೊಣ.

ಆಲ್ಬಾ ರಸ್ತೆ. ಜೂನ್ ತಿಂಗಳ ಹನ್ನೊಂದು ಗಂಟೆ.
ಬಣ್ಣ ಕೆಂಪಲ್ಲ, ಕೇಳಿದವರೆಲ್ಲ ಕೆಂಪೇ ಅಂದುಕೊಳ್ಳುತ್ತಾರೆ.
ಬೂದಿ ಬೆರೆತ ನೀಲಿ; ಪಾರಿವಾಳದ ಕೊರಳಲ್ಲಿ
ಅದು ತಿರುಗಿದಾಗ ಮಾತ್ರ ಕಾಣುತ್ತದಲ್ಲ, ಅದು.
ಮೂತಿಯಿಂದ ಬಾಲದವರೆಗೆ ಒಂದೇ ಉಸಿರಿನ ಗೆರೆ,
ಬಾಗಿಲ ಬಳಿ ಚೂರು ತಗ್ಗುತ್ತದೆ,
ಕೂತವರು ಮೊಣಕೈ ಊರಲಿ ಅಂತ.

ಪೈಪು ನನ್ನ ಕೈಯಲ್ಲೇ ಇತ್ತು. ಟ್ಯಾಂಕು ತುಂಬಿ
ಪೆಟ್ರೋಲು ಬೂಟಿನ ಮೇಲೆ ಚೆಲ್ಲಿತು.
ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಮೊದಲ ಸಲ.

ಯಜಮಾನರು ನೊವಾರದ ಹಲ್ಲಿನ ಡಾಕ್ಟರು.
"ಕೈಯಲ್ಲೇ ಬಡಿದು ಮಾಡಿದ್ದು, ಸಿಗ್ನೋರಾ," ಅಂದರು.
"ಅರವತ್ತು ವರ್ಷ. ಎಡ ಬಲ ಅಳೆದು ನೋಡಿ,
ಕೂದಲೆಳೆಯಷ್ಟು ವ್ಯತ್ಯಾಸ ಇಲ್ಲ."

ಅಷ್ಟರಲ್ಲಿ ಕಾಫಿ ಬಿಟ್ಟು ಎದ್ದು ಬಂದ ಗರೀಲ್ಯೊ.
ವಯಸ್ಸು ಎಂಬತ್ತನಾಲ್ಕು. ಬಲಗಿವಿ ಪೂರ್ತಿ ಹೋಗಿದೆ,
ಹದಿನಾರರಿಂದ ಸುತ್ತಿಗೆ ಸದ್ದು ಕುಡಿದು ಕುಡಿದು.
ಕಾರು ಬಿಡಲು ಬಾರದು; ಇವತ್ತಿಗೂ ಸೈಕಲ್ಲೇ.
"ಮುಟ್ಟಲಾ?" ಅಂದ.
ಮೊದಲು ಕೈ ಒರೆಸಿಕೊಳ್ಳಲಿ ಅಂತ
ಡಾಕ್ಟರು ಕರವಸ್ತ್ರ ಕೊಟ್ಟರು.

ಕಣ್ಣು ಮುಚ್ಚಿ ಬಲದ ಮಡ್‌ಗಾರ್ಡು ಸವರಿದ,
ಕುದುರೆಗೆ ಜ್ವರವೇ ಎಂದು ನೋಡುವವರ ಹಾಗೆ.
ಆಮೇಲೆ ಎಡದ್ದು. ದೀಪದಿಂದ ಗೇಣು ಹಿಂದೆ
ಹೆಬ್ಬೆರಳು ನಿಂತಿತು.
ನಿಂತೇ ಇತ್ತು.

ಡಾಕ್ಟರು ದುಡ್ಡು ಕೊಡಲು ಒಳಗೆ ಹೋಗಿದ್ದರು.
ನನ್ನ ಕೈ ಹಿಡಿದು ಅಲ್ಲಿಟ್ಟ.
ಮೊದಲು ತಗಡಿನ ಬಿಸಿ ಅಷ್ಟೇ. ತಡೆದು ನೋಡಿದರೆ,
ಇದೆ: ಬಟ್ಟೆಯಡಿ ಸಿಕ್ಕ ಅಕ್ಕಿ ಕಾಳಿನಷ್ಟು.

"ಭಾನುವಾರ, ಓವರ್‌ಟೈಮು," ಅಂದ ಪಿಸುದನಿಯಲ್ಲಿ
(ಕಿವುಡನ ಪಿಸುದನಿ, ರಸ್ತೆಗೇ ಕೇಳಿಸಿತು).
"ಮರಳ ಚೀಲದ ಮೇಲೆ ತಗಡು. ರೇಡಿಯೊದಲ್ಲಿ
ತೊರಿನೊ ಗೋಲು! ಏಟು ಒಂದು ಹೆಚ್ಚು ಬಿತ್ತು.
ಆಫ್‌ಸೈಡ್ ಅಂತ ಗೋಲು ರದ್ದಾಯಿತು.
ಇದು ಉಳಿಯಿತು."

ಡಾಕ್ಟರು ಬಂದರು, ಕೂತರು. ನಾವಿಬ್ಬರೂ ಉಸಿರೆತ್ತಲಿಲ್ಲ.
ಗಾಡಿ ಗಂಟಲು ಸರಿಮಾಡಿಕೊಂಡು ಹೊರಟಿತು
ಹೇಝಲ್‌ನಟ್ ತೋಟಗಳ ಏರಿಗೆ.
ತಿರುವಿನಲ್ಲಿ ಬಿಸಿಲು ಆ ಗೆರೆಯುದ್ದ ಜಾರುತ್ತಾ
ಎಡಕ್ಕೆ, ಒಂದೇ ಕಡೆ, ಎಡವಿತು.
ನನಗೆ ಈಗ ಅದೇ ಕಾಣುವುದು.

ಕರವಸ್ತ್ರ ಗರೀಲ್ಯೊ ಕೈಯಲ್ಲೇ ಉಳಿದಿತ್ತು.
ಜೋರಾಗಿ ಮೂಗು ಸೀಟಿ
ಆರಿದ ಕಾಫಿಯತ್ತ ನಡೆದ.