ಇಳಿ ಬಿಟ್ಟ ಅಕ್ಷರ

ಹೊತ್ತು ಮೂಡೂದ್ರಾಗ ಸೊಲ್ಲಾಪುರದ ಹಳೇ ಅರಬಿ ಸಂತಿ ಮುಟ್ಟಬೇಕು.
ತಡಾ ಆದರ ಅಂಬೂಬಾಯಿ ಗಂಟು ಬಿಚ್ಚಿರತಾಳ,
ಚಲೋವು ಹೋಗಿರತಾವ.

ಆಕಿ ಸ್ಟೀಲಿನ ಬೋಗೋಣಿ ಹೊತ್ತು ಓಣಿ ಓಣಿ ತಿರಗಾಕಿ.
ಎರಡು ಸೀರಿಗಿ ಒಂದು ಡಬ್ಬಿ,
ಜರಿ ಇದ್ದರ ಮುಚ್ಚಳಾ ಸೈತ.
ಕಸೂತಿಗಿ ಮಾತ್ರ ರೇಟಿಲ್ಲ.
"ಉಡಾಕ ಬರಂಗಿಲ್ಲ, ಒರಸಾಕ ಬರಂಗಿಲ್ಲ,
ಮ್ಯಾಲ ಬರೀ ಗಂಟು" ಅಂತ
ನನ್ನ ಕಡೆ ಒಗಿತಾಳ.
ನಾ ತೂಕದ ಮ್ಯಾಲ ತಗೋತೀನಿ.
ಯಾರದೋ ಇಪ್ಪತ್ತು ವರ್ಷದ ಕಣ್ಣು,
ಪಾವು ಕಿಲೋ.

ರೇಡಿಯೋಕ್ಕ ಹೊದಿಸಿದ್ದು, ಟ್ರಂಕಿಗಿ ಹಾಸಿದ್ದು,
ತಂಬಿಗಿ ಮುಚ್ಚೂ ಜಾಳಿಗಿ, ಸುತ್ತ ಹಸರು ಮಣಿ,
ನಾಕು ಉದರಿದ್ದಾವ.
ಒಂದು ದಿಂಬಿನ ಚೀಲದ ಮ್ಯಾಲ 'ಗುಡ್' ಅಂತದ, ಅಷ್ಟ.
'ನೈಟ್' ಯಾವ ಮನ್ಯಾಗ ಉಳದದೋ
ಯಾರ ತಲಿ ಕೆಳಗ.

ನಾ ಮೊದಲ ಹಿಂದ ಹೊಳ್ಳಿಸಿ ನೋಡತೀನಿ.
ಮುಂದ ಎಲ್ಲಾರೂ ಚಲೋನ ಇರತಾರ.
ಆಮ್ಯಾಲ ನೆನಿ ಹಾಕೂದು,
ಕೆಂಪು ದಾರಾ ಇದ್ದರ ಮುಟಗಿ ಉಪ್ಪು.
ನೀರು ಚಾ ಆಗತದ:
ಒಲಿ ಹೊಗಿ, ಕೊಬ್ಬರಿ ಎಣ್ಣಿ, ಟ್ರಂಕಿನ ತುಕ್ಕು.
ತೂತು ಎಲ್ಲೆಲ್ಲಿ ಅಂತ ಬಿಸಲಿಗಿ ಹಿಡದು ಕತ್ತರಿ ಇಡತೀನಿ.
ಹೂವು ಉಳಸಬೇಕಂದ್ರ ಎಲಿ ಬಿಡಬೇಕಾಗತದ.
ಬೆನ್ನಿಗೆ ಹರದ ಚಾದರ,
ಹೊಟ್ಟಿಗೆ ಟಾವೆಲ್ ಕಾರ್ಖಾನಿ ಕತ್ತರಿ ಚೂರು.
ಹತ್ತಿ ದುಬಾರಿ.

ಶ್ರಾವಣದಾಗ ಒಂದು ಪಟ್ಟಿ ಬಂತು.
ಎದುರಾ ಬದುರಾ ಎರಡು ಗಿಳಿ,
ಎಡಗಡೆದರ ಕಣ್ಣು ಕರೀದು, ಬಲಗಡೆದರದು ನೀಲಿ.
ನಡುವ ಅದ ನೀಲಿ ದಾರದಾಗ
ಸುಸ್ವಗತ.
ಗಿಳಿ ಅದ, ಇಳಿ ಇಲ್ಲ.

ತಂಗಿ ಮಗಳು ದಾನಮ್ಮ ಬಿದ್ದು ಬಿದ್ದು ನಕ್ಕಳು.
ಅಕ್ಕಲಕೋಟದ ಕನ್ನಡ ಸಾಲಿ, ಒಂಬತ್ತನೇ ಇಯತ್ತಾ.
"ಸ್ವಗತ ಅಂದ್ರ ದೊಡ್ಡವ್ವಾ, ನಾಟಕದಾಗ
ಒಬ್ಬಾಕಿನ ತನ್ನಷ್ಟಕ್ಕ ಮಾತಾಡೂದು.
ಬಾಜೂಕ ನಿಂತವರಿಗಿ ಕೇಳಸಂಗಿಲ್ಲ
ಅಂತ ನಾವ ತಿಳಕೋಬೇಕು."

ಮಂದಿನ ಕರಿಯೂ ಬಾಗಲದ ಮ್ಯಾಲ
ಒಬ್ಬಾಕಿ ತನ್ನಷ್ಟಕ್ಕ, ಮೂವತ್ತು ವರ್ಷ.
ಬಂದವರು ಚಪ್ಪಲಿ ಬಿಟ್ಟು ಒಳಗ ಹೋಗಿರಬೇಕು.

ತಿದ್ದಬೇಕಂತ ನೀಲಿ ದಾರಾ ಪೋಣಿಸಿದೆ.
ಪುಣೆದ ಅಂಗಡಿಯವರಿಗಿ ಹೆಂಗೂ ಓದಾಕ ಬರಂಗಿಲ್ಲ,
ನಮ್ಮ ಅಕ್ಷರ ಅವರಿಗಿ ಒಂದು ನಮೂನಿ ಬಳ್ಳಿ.
ಆದರ ನನಗ ಬರತದಲ್ಲ.
ಚಷ್ಮಾ ಏರಿಸಿ, ಸ ಅಕ್ಷರದ ಹೆಗಲ ಮ್ಯಾಲ
ಸೂಜಿ ಮೊನಿ ಇಟ್ಟರ
ಅದು ತಾನ ಒಳಗ ಜಾರಿತು.

ತೂತು ಮೊದಲ ಇದ್ದವು.
ಏಳು. ಸಣ್ಣವು, ಒಂದರ ಬೆನ್ನಿಗಿ ಒಂದು.
ಕೆಳಗ ಸೀಸಪೆನ್ಸಿಲ್ ಗೆರಿ, ಎರಡು ಸರ್ತಿ ತೊಳದರೂ ಹೋಗಿಲ್ಲ.
ಹೊಲದಾಳ. ಹೊಲದು ಬಿಚ್ಯಾಳ.

ಬಲಗಡೆ ಗಿಳಿ ಕಣ್ಣು ಎಣಿಸಿದೆ,
ಏಳು ಹೊಲಿಗಿ.
ಕರೀ ದಾರಾ ತೀರಿತ್ತೋ,
ಅಂಗಡಿಗಿ ಹೋಗಾಕ ಯಾರೂ ಇರಲಿಲ್ಲೋ,
ಇಲ್ಲಾ ಎದರಿಗಿ ಕೂತಿದ್ದು ಕುರುಡ ಅಂತ
ಆ ಕರೀ ಕಣ್ಣಿನದು ಹಟಾ ಹಿಡದಿತ್ತೋ.

ಸೂಜಿ ಹೊರಗ ಜಗ್ಗಿದೆ.

ನಾಕೂ ಮಗ್ಗಲಾ ಹೊಲದು, ಚೂರು ತುಂಬಿ,
ಕಡೀ ತೋಳಷ್ಟು ಸಂದಿ ಕೈಲೆ ಮುಚ್ಚಿ,
ಬಾಕಿ ಹನ್ನೊಂದರ ಜೋಡಿ ಪುಣೆಕ್ಕ ಕಳಿಸಿದೆ.
ಯಾರೋ ಈಗ ಅದಕ್ಕ ಬೆನ್ನು ಕೊಟ್ಟು
ಟಿವಿ ನೋಡತಿರಬೇಕು.
ಹಿಂದಿಂದ ಒಂದು ನೀಲಿ ಕಣ್ಣು
ಇನ್ನೊಂದನ್ನ.